ತೂತಿನ ಮುಚ್ಚಳದ ಡ್ರಮ್ಮು

ಶಂಭುಲಿಂಗನಿಗೆ ಬೇಕಾಗಿದ್ದದ್ದು ಒಂದು ಪಾತ್ರೆ. ಪಾತ್ರೆಗೊಂದು ಮುಚ್ಚಳ, ಮುಚ್ಚಳಕ್ಕೊಂದು ತೂತು, ಕೆಳಗೊಂದು ನಲ್ಲಿ. ಇಷ್ಟೇ. ಮನುಷ್ಯನ ಆಸೆ ಎಷ್ಟೇ ಸಣ್ಣದಿರಲಿ, ಅದನ್ನು ಈಡೇರಿಸುವ ಮುಂಚೆ ಶಿವ ಒಂದು ಸಲ ಊರಿನವರನ್ನೆಲ್ಲ ಕೇಳಿಯೇ ತೀರುತ್ತಾನೆ ಎಂಬುದು ಆ ಸೋಮವಾರದವರೆಗೂ ಅವನಿಗೆ ತಿಳಿದಿರಲಿಲ್ಲ.

ಮಾಗಡಿಯ ಪೇಟೆ ಬೀದಿಯಲ್ಲಿ ಶಂಭುಲಿಂಗನದು ಪೂಜಾ ಸಾಮಾನಿನ ಅಂಗಡಿ. ವಿಭೂತಿ ಗಟ್ಟಿ, ಕರ್ಪೂರ, ಊದುಬತ್ತಿ, ಶಿವದಾರ, ಹೂಬತ್ತಿ. ಹಣೆಯ ಮೇಲೆ ಮೂರು ಪಟ್ಟೆ, ಎದೆಯ ಮೇಲೆ ಲಿಂಗ, ಬಾಯಲ್ಲಿ ಸದಾ ಶಿವಶಿವಾ. ಅಂಗಡಿಗೆ ಬಂದ ಹೆಂಗಸರು ಸಾಮಾನು ಕೊಂಡು ಹೋಗುವಾಗ ಅವನಿಗೂ ಒಂದು ಸಣ್ಣ ಕೈಮುಗಿದು ಹೋಗುವುದುಂಟು. ಆ ಮರ್ಯಾದೆಯೇ ಅವನ ಬಂಡವಾಳ. ಕರ್ಪೂರ ಬೇರೆ ಅಂಗಡಿಯಲ್ಲೂ ಸಿಗುತ್ತದಲ್ಲ!

ಇಂಥವನು ಬಿಯರಿನ ಆಸೆಗೆ ಬಿದ್ದದ್ದೂ ದೇವರ ಕೆಲಸದಲ್ಲೇ. ಸಾವನದುರ್ಗದ ಬುಡದಲ್ಲಿ ಯಾರೋ ಹೊಸ ರೆಸಾರ್ಟ್ ಕಟ್ಟಿಸಿ ಹೋಮ ಇಟ್ಟುಕೊಂಡರು. ಸಾಮಾನು ಶಂಭುಲಿಂಗನದು. ಪುರೋಹಿತರು ಹೊರಟ ಮೇಲೆ, ಹೊಗೆಗೂ ಬಿಸಿಲಿಗೂ ಬೆಂದು ನಿಂತಿದ್ದ ಇವನ ಕೈಗೆ ಮಾಲೀಕ ತಣ್ಣನೆಯ ಒಂದು ಗ್ಲಾಸು ಇಟ್ಟ. ಜೇನಿನ ಬಣ್ಣ, ಮೇಲೆ ಬೆಳ್ಳಗೆ ನೊರೆ. ಒಂದು ಗುಟುಕು ಕುಡಿದ. ಕಹಿ. ಆದರೆ ಯುಗಾದಿಯ ಬೇವಿನ ಹಾಗೆ ಗದರಿಸುವ ಕಹಿಯಲ್ಲ; ಬಾ, ಕೂತುಕೋ, ಏನು ಸಮಾಚಾರ ಎಂದು ವಿಚಾರಿಸುವ ಕಹಿ. ಅದು ಏನೆಂದು ತಿಳಿಯುವ ಹೊತ್ತಿಗೆ ಗ್ಲಾಸು ಖಾಲಿಯಾಗಿತ್ತು. ಮನೆಗೆ ಬಂದು ತಲೆಗೆ ನೀರು ಹುಯ್ದುಕೊಂಡ, ರಾತ್ರಿ ಊಟ ಬಿಟ್ಟ. ಊಟ ಬಿಡುವುದು ಸುಲಭವಾಯಿತು, ನೆನಪು ಬಿಡುವುದು ಆಗಲಿಲ್ಲ.

ಮಾಗಡಿಯಲ್ಲಿ ಬಾರಿಲ್ಲವೇ ಎಂದರೆ ಇದೆ. ಆದರೆ ಅದರ ಬಾಗಿಲು ಬಸ್ ಸ್ಟ್ಯಾಂಡಿಗೆ ಎದುರಾಗಿದೆ. ಇವನು ಅಲ್ಲಿ ಒಂದು ಕಾಲಿಟ್ಟರೆ ಇನ್ನೊಂದು ಕಾಲು ಇಡುವ ಮುಂಚೆ ಸುದ್ದಿ ಕುದೂರು ಮುಟ್ಟುತ್ತದೆ. ಬೇರೆ ಊರಿಗೆ ಹೋಗಿ ಕುಡಿದು ಬರೋಣವೆಂದರೆ ವಾಪಸು ಬಸ್ಸಿನಲ್ಲೇ ಬರಬೇಕು, ಪಕ್ಕದಲ್ಲಿ ಯಾರಾದರೂ ಗಿರಾಕಿ ಕೂತೇ ಇರುತ್ತಾರೆ.

ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಕಡಿಮೆ ಖರ್ಚಿನ ಸಲಕರಣೆಯಲ್ಲಿ ಮನೆಯಲ್ಲೇ ಬಿಯರ್ ಮಾಡುವುದು ಹೇಗೆ ಎಂದು ಗಡ್ಡದ ಹುಡುಗನೊಬ್ಬ ಹೇಳಿಕೊಡುತ್ತಿದ್ದ. ಒಂದು ದೊಡ್ಡ ಪಾತ್ರೆ ಇರಬೇಕು. ಪ್ಲಾಸ್ಟಿಕ್ ಅಗ್ಗ, ಆದರೆ ಅದರಲ್ಲಿ ಗೀರು ಬಿದ್ದರೆ ಕೊಳೆ ಕೂತು ಎಲ್ಲ ಹುಳಿಯಾಗುತ್ತದೆ. ಸ್ಟೀಲಿಗೆ ಒಮ್ಮೆ ಖರ್ಚು, ಆಮೇಲೆ ಚಿಂತೆಯಿಲ್ಲ. ಕೆಳಗೆ ನಲ್ಲಿ ಇದ್ದರೆ ಬಗ್ಗಡ ಕಲಕದೆ ಬಿಟ್ಟುಕೊಳ್ಳಬಹುದು. ಮುಚ್ಚಳಕ್ಕೆ ತೂತು ಮಾಡಿ, ಬಿಗಿಯಾದ ಬಿರಡೆ ಹಾಕಿ, ಅದರೊಳಗೆ ಪೈಪು ತೂರಿಸಿ, ಪೈಪಿನ ಆಚೆ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಬೇಕು. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು.

ಆ ಕೊನೆಯ ಮಾತಿಗೆ ಶಂಭುಲಿಂಗ ನಿಟ್ಟುಸಿರು ಬಿಟ್ಟ. ಅವನ ಮನೆಯಲ್ಲಿ ಹೊರಗಿನದು ಒಳಗೆ ಬರುವುದೇ ಹೆಚ್ಚು, ಅದರಲ್ಲೂ ಪಕ್ಕದ ಮನೆ ರುದ್ರಯ್ಯನವರ ಮೂಗು. ರುದ್ರಯ್ಯ ಮಲ್ಲೇಶ್ವರಸ್ವಾಮಿ ಗುಡಿಯ ಸಮಿತಿ ಅಧ್ಯಕ್ಷರು. ಬೀದಿಗೆ ಯಾವ ಪಾರ್ಸಲ್ ಬಂದರೂ ಅದನ್ನು ಮೊದಲು ಅಲ್ಲಾಡಿಸಿ ನೋಡುವ ಕೈ ಅವರದು. ಆದ್ದರಿಂದ ಆನ್‌ಲೈನಿನಲ್ಲಿ ತರಿಸುವ ಮಾತೇ ಇಲ್ಲ. ಗೊಬ್ಬರದಂಗಡಿಯಲ್ಲಿ ಹುಳದ ಔಷಧಿಯ ಖಾಲಿ ಪ್ಲಾಸ್ಟಿಕ್ ಡ್ರಮ್ಮೊಂದು ಅಗ್ಗಕ್ಕೆ ಸಿಕ್ಕಿತ್ತು. ಮುಚ್ಚಳ ತೆಗೆದು ಮೂಸಿದರೆ ಎಷ್ಟು ಹುಳಗಳು ಅದರಲ್ಲಿ ಪ್ರಾಣ ಬಿಟ್ಟಿದ್ದವೋ, ಇವನಿಗೂ ತಲೆ ತಿರುಗಿತು. ಮನೆಯ ಕುಕ್ಕರಿಗೆ ಕೈ ಹಾಕಿದರೆ ಹೆಂಡತಿ ಬಸವಲಿಂಗಮ್ಮ, "ಬ್ಯಾಳೆ ನಿಮ್ಮ ತಲೆ ಮ್ಯಾಲೆ ಬೇಯಿಸ್ಲಾ?" ಎಂದಳು. ಬಿಯರಿಗೆಂದು ತಂದಿಟ್ಟಿದ್ದ ಬಾರ್ಲಿಯ ಗತಿಯೂ ಅಷ್ಟೇ. ಏನಕ್ಕೆ ಎಂದು ಕೇಳಿದವಳಿಗೆ "ಉರಿಮೂತ್ರ" ಎಂದುಬಿಟ್ಟಿದ್ದ. ಅವತ್ತಿನಿಂದ ದಿನವೂ ಬೆಳಿಗ್ಗೆ ಒಂದು ಚೊಂಬು ಬಾರ್ಲಿ ಗಂಜಿ ಅವನ ಗಂಟಲಿಗೆ ಇಳಿಯುತ್ತಿತ್ತು. ಇನ್ನು, ಮನೆಯಲ್ಲಿ ಇದನ್ನು ಮಾಡುವುದು ಸರ್ಕಾರ ಒಪ್ಪುವ ಕೆಲಸವೋ ಅಲ್ಲವೋ ಎಂದು ಅವನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಊರಿಗೆ ಅದೂ ಗೊತ್ತಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಗಂಜಿ ಕುಡಿದು, ಅಂಗಡಿಗೆ ಹೆಂಡತಿಯನ್ನು ಕೂರಿಸಿ, "ಶಿವದಾರಕ್ಕೆ ರೇಷ್ಮೆ ನೂಲು ತತ್ತೀನಿ" ಎಂದು ಹೇಳಿ ರಾಮನಗರದ ಬಸ್ಸು ಹತ್ತಿದ.

ಅವನಿಗೆ ನೂಲು ಕೊಡುತ್ತಿದ್ದವನು ಇದ್ರೀಸ್. ಮನೆಯ ಹಿಂದೆಯೇ ಗೂಡು ಬೇಯಿಸಿ ರೇಷ್ಮೆ ಬಿಚ್ಚುವ ಕೆಲಸ. ಐದು ಹೊತ್ತು ನಮಾಜು ಬಿಡದ ಮನುಷ್ಯ; ಅವನ ಮುಂದೆ ಬಿಯರ್ ಎಂಬ ಶಬ್ದ ತೆಗೆಯಲು ಶಂಭುಲಿಂಗನಿಗೆ ಧೈರ್ಯ ಬರಲಿಲ್ಲ.

"ಇದ್ರೀಸ್, ಗೂಡು ಬೇಯ್ಸೋ ಹಳೇ ಪಾತ್ರೆ ಯಾವ್ದಾನ ಐತೇನಪ್ಪ? ನಲ್ಲಿ ಇರೋದು?"

"ಐತಲ್ಲಣ್ಣ, ಬನ್ನಿ." ಮೂಲೆಯಿಂದ ಒಂದನ್ನು ಎಳೆದು ತಂದ. ಎಷ್ಟು ತಲೆಮಾರಿನ ರೇಷ್ಮೆ ಹುಳುಗಳ ಆತ್ಮ ಅದರಲ್ಲಿ ನೆಲೆಸಿತ್ತೋ, ಅದರ ವಾಸನೆಗೆ ಶಂಭುಲಿಂಗನ ಬೆಳಗಿನ ಗಂಜಿ ಗಂಟಲಿಗೆ ಬಂದು ಇಣುಕಿ ನೋಡಿ ಹೋಯಿತು.

"ಏನ್ ಮಾಡಾಕೆ ಅಣ್ಣ ಇದು?"

ಶಂಭುಲಿಂಗನ ನಾಲಿಗೆ ಹುಟ್ಟಿನಿಂದ ಒಂದೇ ದಾರಿಯಲ್ಲಿ ನಡೆದು ಅಭ್ಯಾಸವಾದದ್ದು. ಕಷ್ಟ ಬಂದಾಗಲೂ ಅದೇ ದಾರಿ ಹಿಡಿಯಿತು. "ದೇವ್ರ ಕೆಲ್ಸಕ್ಕೆ" ಎಂದುಬಿಟ್ಟ.

ಇದ್ರೀಸ್ ಎರಡು ಹೆಜ್ಜೆ ಹಿಂದೆ ಸರಿದ. "ತೌಬಾ, ದೇವರ ಕೆಲ್ಸಕ್ಕೆ ಹುಳ ಬೇಯ್ಸಿದ್ ಪಾತ್ರೆನಾ? ನಂಗೆ ಪಾಪ ಸುತ್ಕಳಲ್ವಾ ಶಂಭಣ್ಣ! ನಡೀರಿ, ಹೊಸಾದೇ ಕೊಡ್ಸ್ತೀನಿ. ನಮ್ಮ ಶರೀಫ್ ಅಂಗ್ಡಿ ಐತೆ. ದೇವರ ಕೆಲ್ಸ ಅಂದ್ರೆ ಲಾಭ ಇಟ್ಕಳಾಕಿಲ್ಲ ಅವ್ನು."

ಪಾತ್ರೆ ಅಂಗಡಿಯ ಶರೀಫ್ ನಿಜವಾಗಿಯೂ ಲಾಭ ಇಟ್ಟುಕೊಳ್ಳಲಿಲ್ಲ. ನಲ್ಲಿ ಕೂರಿಸಿದ, ಕನ್ನಡಿಯ ಹಾಗೆ ಹೊಳೆಯುವ ಸ್ಟೀಲ್ ಡ್ರಮ್ಮನ್ನು ಕೊಂಡ ಬೆಲೆಗೇ ಕೊಟ್ಟ. ಅಗ್ಗದ ಸಲಕರಣೆಗೆ ಇದಕ್ಕಿಂತ ಒಳ್ಳೆಯ ಉಪಾಯ ಗಡ್ಡದ ಹುಡುಗನಿಗೂ ಹೊಳೆದಿರಲಿಲ್ಲ ಎಂದು ಶಂಭುಲಿಂಗ ಒಳಗೊಳಗೇ ಹಿಗ್ಗಿದ.

"ಮುಚ್ಚಳಕ್ಕೆ ಒಂದ್ ತೂತು ಹೊಡ್ದು ಕೊಡಪ್ಪ."

"ತೂತಾ? ಹೊಸ ಪಾತ್ರೆಗಾ? ಯಾಕಣ್ಣ?"

"ಅದು... ಧಾರಾಪಾತ್ರೆ ಥರ."

"ಲಿಂಗದ ಮ್ಯಾಲೆ ನೀರು ತೊಟ್ಟಿಕ್ಕೋದಲ್ವಾ? ನಾನೂ ಮಾರೀನಿ. ಅದಕ್ಕೆ ತೂತು ಕೆಳಗಿರ್ತದೆ."

"ಇದು ಹೊಸಾ ಮಾದರಿ."

ಶರೀಫ್ ಇದ್ರೀಸನ ಮುಖ ನೋಡಿದ. ಅವರವರ ದೇವರ ವಿಷಯ ನಮಗ್ಯಾಕೆ ಎಂಬಂತೆ ಇದ್ರೀಸ್ ತಲೆಯಾಡಿಸಿದ. ತೂತು ಬಿತ್ತು. ಶಂಭುಲಿಂಗ ಜೇಬಿಗೆ ಕೈ ಹಾಕಿ ದುಡ್ಡು ತೆಗೆಯುವಷ್ಟರಲ್ಲಿ ಟರ್ರ್ ಎಂದು ಸದ್ದಾಯಿತು. ಪಾತ್ರೆ ಕೊಂಡವರ ಹೆಸರು ಕೆತ್ತುವ ಮಿಷನ್ನು ಶರೀಫನ ಕೈಯಲ್ಲಿತ್ತು.

"ಯಾವ ದೇವರಣ್ಣ?"

"ಮಲ್ಲೇಶ್ವರ... ಅಯ್ಯೋ, ಹೆಸ್ರು ಬ್ಯಾಡ ಕಣಪ್ಪ!"

"ಹೆಸರಿಗೆ ದುಡ್ಡಿಲ್ಲ ಅಣ್ಣ, ಫ್ರೀ."

ಊರು, ಹೆಸರು ಇದ್ರೀಸನೇ ಹೇಳಿಕೊಟ್ಟ. ಮಿಷನ್ನಿನ ಸದ್ದಿನಲ್ಲಿ ಬೇಡವೆಂಬ ಮಾತು ಮುಳುಗಿಹೋಯಿತು. ಸದ್ದು ನಿಂತಾಗ ಡ್ರಮ್ಮಿನ ಹೊಟ್ಟೆಯ ಮೇಲೆ ದುಂಡನೆಯ ಅಕ್ಷರದಲ್ಲಿ, ಶ್ರೀ ಮಲ್ಲೇಶ್ವರಸ್ವಾಮಿಗೆ ಮಾಗಡಿ ಶಂಭುಲಿಂಗ ದಂಪತಿಗಳ ಸೇವಾರ್ಥ ಎಂದಿತ್ತು. ಶಂಭುಲಿಂಗ ಬೆವರು ಒರೆಸಿಕೊಂಡ. ಹೋಗಲಿ, ಕೆತ್ತಿದ ಭಾಗವನ್ನು ಗೋಡೆಯ ಕಡೆ ತಿರುಗಿಸಿಟ್ಟರಾಯಿತು ಎಂದು ಸಮಾಧಾನ ಮಾಡಿಕೊಂಡ.

ಇನ್ನು ಉಳಿದದ್ದು ನಡುವೆ ಪೈಪು ತೂರುವಂಥ ಬಿರಡೆ. ತೂತಿಗೆ ಬಿಗಿಯಾಗಿ ಕೂರುವ ರಬ್ಬರು ರಾಮನಗರದಲ್ಲೆಲ್ಲೂ ಸಿಗಲಿಲ್ಲ. ಇದ್ರೀಸನೇ ದಾರಿ ಹೇಳಿದ. "ಚನ್ನಪಟ್ಣಕ್ಕೆ ಹೋಗ್ರಣ್ಣ. ನಮ್ಮ ಮಾವ ಬಾಬಾಜಾನ್ ಅವ್ರೆ. ಲೇತಲ್ಲಿ ಮರ ಕಡೆದು ಎಂಥಾ ತೂತಿಗೂ ಬಿರಡೆ ಮಾಡ್ತಾರೆ. ಫೋನ್ ಮಾಡ್ತೀನಿ, ದೇವರ ಕೆಲ್ಸ ಅಂತ."

"ಫೋನು ಬ್ಯಾಡ" ಎನ್ನುವಷ್ಟರಲ್ಲಿ ಇದ್ರೀಸ್ ಫೋನಿನಲ್ಲಿ ಸಲಾಮು ಹೇಳಿ ಮುಗಿಸಿದ್ದ.

ಗೊಂಬೆ ಮಾಡುವ ಬಾಬಾಜಾನ್ ಸಾಬರು ಲೇತಿನ ಮುಂದೆ ಸಿದ್ಧವಾಗಿ ಕೂತಿದ್ದರು. ಆಲೆ ಮರದ ತುಂಡನ್ನು ಸಿಕ್ಕಿಸಿ ಉಳಿ ಹಿಡಿದರು. ಬಿರಡೆ ಮೂಡಿತು. ಇಷ್ಟು ಸಾಕು ಎಂದು ಶಂಭುಲಿಂಗ ಕೈ ಚಾಚಿದ. ಸಾಬರು ಕೊಡಲಿಲ್ಲ. ಬಿರಡೆಯ ಮೇಲೊಂದು ಗುಂಡು, ಗುಂಡಿನ ಮೇಲೊಂದು ಮೊಗ್ಗು, ಮೊಗ್ಗಿನ ತುದಿಗೊಂದು ಚೂಪು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಕೆಂಪು ಹಾಕಿದರು, ಹಳದಿ ಹಾಕಿದರು, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರು.

"ಸಾಬ್ರೇ, ಬರೀ ಬಿರಡೆ ಸಾಕಾಗಿತ್ತು."

"ಕುದುರೆಗೊಂಬೆಗೇ ಇಷ್ಟು ಬಣ್ಣ ಹಾಕ್ತೀನಿ, ದೇವರಿಗೆ ಬರೀ ಬಿರಡೆ ಕೊಡ್ಲಾ? ಪೈಪಿಗೆ ನಡುವೆ ತೂತೂ ಬಿಟ್ಟೀನಿ. ಏನಕ್ಕೋ ಗೊತ್ತಿಲ್ಲ, ಇದ್ರೀಸ್ ಹೇಳ್ದ, ಬಿಟ್ಟೆ."

"ಎಷ್ಟಾಯ್ತು?"

ಸಾಬರು ಕಿವಿ ಮುಟ್ಟಿಕೊಂಡರು. "ಹಂಗೆ ಕೇಳ್ಬ್ಯಾಡಿ. ನಮ್ಮನೇನೋರ ಮಂಡಿನೋವಿಗೆ ಒಂದು ಪ್ರಾರ್ಥನೆ ಮಾಡ್ರಿ, ಸಾಕು."

ಬಿರಡೆಯನ್ನು ಮುಚ್ಚಳಕ್ಕೆ ಒತ್ತಿ ಕೂರಿಸಿದಾಗ ಶಂಭುಲಿಂಗನ ಎದೆ ಧಸಕ್ಕೆಂದಿತು. ಬಿಯರಿನ ಡ್ರಮ್ಮು ಎಲ್ಲಿಹೋಯಿತೋ! ಕಳಸ ಹೊತ್ತ ಸಣ್ಣದೊಂದು ಗೋಪುರ ಅವನ ಮುಂದೆ ನಿಂತಿತ್ತು. ಸಾಬರ ಹೆಂಡತಿಯ ಮಂಡಿನೋವು ನೆನೆದು ಅವನಿಗೆ ತನ್ನ ಮಂಡಿಯಲ್ಲೂ ಏನೋ ಹಿಡಿದಂತಾಯಿತು.

ರಾಮನಗರಕ್ಕೆ ಬಂದು ಮಾಗಡಿ ಬಸ್ಸು ಹತ್ತಿದಾಗ ಡ್ರಮ್ಮಿಗೆ ಲಗೇಜ್ ಟಿಕೇಟು ಕೇಳಬಹುದೆಂದು ಹೆದರಿದ್ದ. ಕಂಡಕ್ಟರು ಕಳಸ ನೋಡಿದ, ಅಕ್ಷರ ಓದಿದ, ವಿಸಿಲನ್ನು ತುಟಿಯಿಂದ ತೆಗೆದ. "ರೀ, ಏಳ್ರೀ ಮ್ಯಾಕೆ. ದೇವರ ಸಾಮಾನು ಐತೆ, ಜಾಗ ಬುಡ್ರಿ!" ಕಿಟಕಿ ಪಕ್ಕದ ಸೀಟಿನಲ್ಲಿ ಡ್ರಮ್ಮು ಕೂತಿತು. ಶಂಭುಲಿಂಗ ಕಂಬಿ ಹಿಡಿದು ಜೋತಾಡಿದ. ಸಾವನದುರ್ಗಕ್ಕೆ ಹೊರಟ ಅಜ್ಜಿಯೊಂದು ಸಂಚಿಯಿಂದ ಕುಂಕುಮ ತೆಗೆದು ಡ್ರಮ್ಮಿಗೆ ಇಟ್ಟು, ಉಳಿದದ್ದನ್ನು ಇವನ ಹಣೆಗೆ ಬಳಿಯಿತು. ಯಾರೋ ಕನಕಾಂಬರದ ಮೊಳ ಸುತ್ತಿದರು. ಇನ್ಯಾರೋ ಫೋನಿನಲ್ಲಿ ಫೋಟೋ ತೆಗೆದರು.

ಆ ಫೋಟೋ ಬಸ್ಸಿಗಿಂತ ಬೇಗ ಮಾಗಡಿ ತಲುಪಿತು.

ಬಸ್ಸು ನಿಂತಾಗ ಕೆಳಗೆ ತಮಟೆಯವರು ನಿಂತಿದ್ದರು. ಅವರ ಮುಂದೆ ಹೊಸ ಶಲ್ಯ ಹೊದ್ದ ರುದ್ರಯ್ಯ. ಅವರ ಪಕ್ಕದಲ್ಲಿ ಅಂಗಡಿ ಮುಚ್ಚಿ ಬಂದಿದ್ದ ಬಸವಲಿಂಗಮ್ಮ, ಕೈಯಲ್ಲಿ ಆರತಿ ತಟ್ಟೆ, ಕಣ್ಣಲ್ಲಿ ನೀರು.

"ಏನ್ರೀ, ನಂಗೂ ಒಂದ್ ಮಾತು ಹೇಳ್ದಂಗೆ ಇಂಥಾ ಕೆಲ್ಸ ಮಾಡಿದ್ರಾ? ನನ್ ಹೆಸ್ರೂ ಸೇರ್ಸಿದೀರಲ್ಲಾ!" ಮದುವೆಯಾದಾಗಿನಿಂದ ಆಕೆ ಗಂಡನನ್ನು ಇಷ್ಟು ಪ್ರೀತಿಯಿಂದ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಆ ನೋಟ ಕಳೆದುಕೊಳ್ಳುವುದೋ, ಡ್ರಮ್ಮು ಕಳೆದುಕೊಳ್ಳುವುದೋ ತಿಳಿಯದೆ ಅವನು ನಡುವೆ ನಿಂತ.

ಆದರೂ ಒಂದು ಕೈ ನೋಡೋಣವೆಂದು, "ರುದ್ರಣ್ಣ, ಇವತ್ತು ಮನೇಗ್ ತಕ್ಕೊಂಡೋಗಿ ತೊಳ್ದು, ಒಳ್ಳೇ ದಿನ ನೋಡಿ ತತ್ತೀನಿ" ಎಂದ.

"ಸೋಮವಾರಕ್ಕಿಂತ ಒಳ್ಳೇ ದಿನ ಯಾವ್ದ್ಲಾ?"

"ಅಲ್ಲಣ್ಣ, ನಲ್ಲಿ ಒಸಿ ಸೋರ್ತದೆ. ವಾಪಸ್ ಕೊಟ್ಟು ಬ್ಯಾರೆ ತರ್ಬೇಕು."

ರುದ್ರಯ್ಯ ಹೋಟೆಲಿನಿಂದ ಎರಡು ಕೊಡ ನೀರು ತರಿಸಿ ಬೀದಿಯಲ್ಲೇ ಡ್ರಮ್ಮಿಗೆ ಹುಯ್ಯಿಸಿದರು. ಊರೆಲ್ಲ ಬಗ್ಗಿ ನಲ್ಲಿಯನ್ನು ನೋಡಿತು. ಒಂದು ತೊಟ್ಟು ಸೋರಲಿಲ್ಲ. ಸೋರಿದ್ದೆಲ್ಲ ಶಂಭುಲಿಂಗನ ಹಣೆಯಿಂದ. ರುದ್ರಯ್ಯ ಮುಚ್ಚಳ ಎತ್ತಿದರು, ಬಿರಡೆ ಕಿತ್ತರು, ತೂತಿಗೆ ಒಂದು ಕಣ್ಣಿಟ್ಟು ಒಳಗೆ ನೋಡಿದರು. ಅವರ ಮೀಸೆಯ ಅಡಿಯಲ್ಲಿ ಏನೋ ಅಲ್ಲಾಡಿದಂತಾಯಿತು. ಬಿರಡೆಯನ್ನು ಮೆಲ್ಲಗೆ ಸ್ವಸ್ಥಾನಕ್ಕೆ ಕೂರಿಸಿ, "ಸಲಕರಣೆ ಚೆನ್ನಾಗೈತೆ. ಎತ್ರಲಾ!" ಎಂದರು.

ತಮಟೆ ಬಡಿಯಿತು. ಡ್ರಮ್ಮು ನಾಲ್ಕು ಜನರ ಹೆಗಲೇರಿತು. ತನ್ನ ಮದುವೆಯ ಮೆರವಣಿಗೆಯಲ್ಲೂ ಶಂಭುಲಿಂಗ ಇಷ್ಟು ಮಂಕಾಗಿ ನಡೆದಿರಲಿಲ್ಲ. ಗುಡಿಯಲ್ಲಿ ಪೂಜೆಯಾಯಿತು, ಮಂಗಳಾರತಿಯಾಯಿತು. ದೀಪದ ಬೆಳಕಿನಲ್ಲಿ ಮಲ್ಲೇಶ್ವರನ ಬೆಳ್ಳಿಯ ಕಣ್ಣು ಇವನನ್ನೇ ನೋಡುತ್ತಿತ್ತು. ವಿಷವನ್ನೇ ಗಂಟಲಲ್ಲಿ ಇಟ್ಟುಕೊಂಡವನು. ಇವನ ಗಂಟಲಿನ ಆಸೆ ಅವನಿಗೆ ತಿಳಿಯದೆ ಇದ್ದೀತೆ? ತಿಳಿದೂ ಸುಮ್ಮನಿದ್ದ. ದೊಡ್ಡವರ ದಾರಿ ಅದು.

"ಬಾ ಶಂಭು, ಉಗ್ರಾಣದಾಗೆ ಇಡಾನ" ಎಂದು ರುದ್ರಯ್ಯ ಅವನೊಬ್ಬನನ್ನೇ ಒಳಗೆ ಕರೆದುಕೊಂಡು ಹೋಗಿ ಕದ ಮುಂದೆ ಮಾಡಿದರು.

ಉಗ್ರಾಣದಲ್ಲಿ ಗೋಡೆಗುಂಟ ಗುಡಿಯ ಮೂರು ಪಾನಕದ ಪಾತ್ರೆಗಳಿದ್ದವು. ಒಂದು ಹಿತ್ತಾಳೆಯದು, ಎರಡು ಸ್ಟೀಲಿನವು. ಮೂರಕ್ಕೂ ಕೆಳಗೆ ನಲ್ಲಿ, ಮೇಲೆ ಮುಚ್ಚಳ. ಒಂದರ ಮುಚ್ಚಳದ ನಡುವೆ ತೆಂಗಿನ ನಾರು ತುರುಕಿತ್ತು. ಇನ್ನೊಂದಕ್ಕೆ ಬೆಂಡು. ಮೂರನೆಯದಕ್ಕೆ ಬಟ್ಟೆಯ ಉಂಡೆ. ಶಂಭುಲಿಂಗ ಹತ್ತಿರ ಹೋಗಿ ನಾರನ್ನು ಎಳೆದ. ತೂತು. ಬೆಂಡು ಎಳೆದ. ತೂತು. ಬಟ್ಟೆಗೆ ಕೈ ಹಾಕುವ ಅಗತ್ಯ ಬೀಳಲಿಲ್ಲ.

"ಹಿತ್ತಾಳೇದು ಹೆಡ್ ಮೇಷ್ಟ್ರುದು. ಶಿವನ ಪಾದ ಸೇರ್ಕಂಡವ್ರೆ, ಪುಣ್ಯಾತ್ಮರು" ಎಂದರು ರುದ್ರಯ್ಯ. "ನಡೂಕಿಂದು ದನದ ಡಾಕ್ಟ್ರುದು. ಈ ಕಡೇದು ನಂದು."

"ರುದ್ರಣ್ಣ... ಮುಚ್ಚಳಕ್ಕೆ ತೂತು ಯಾಕೆ?"

"ನಿಂದಕ್ಕೆ ಯಾಕೈತೋ ಅದಕ್ಕೇಯ."

ಶಂಭುಲಿಂಗನಿಗೆ ಎದೆಯಲ್ಲಿ ಒಂದು ದೀಪ ಹತ್ತಿತು. ಇಷ್ಟು ದೊಡ್ಡ ಊರಿನಲ್ಲಿ ತಾನೊಬ್ಬನೇ ಅಲ್ಲ! ಅವನು ದನಿ ತಗ್ಗಿಸಿ, "ಹಂಗಾರೆ ಅಣ್ಣ, ನಾವಿಬ್ರೂ ಸೇರಿ, ಗುಟ್ಟಾಗಿ, ನನ್ ಡ್ರಮ್ಮಲ್ಲಿ..." ಎಂದ.

"ಥೂ, ಬುಡ್ತು ಅನ್ನು!" ರುದ್ರಯ್ಯ ಕೆನ್ನೆ ಬಡಿದುಕೊಂಡರು. "ಅದರ ಮ್ಯಾಲೆ ಸ್ವಾಮಿ ಹೆಸ್ರು ಕೆತ್ತೈತೆ. ನಂದೂ ಹಂಗೇ ಆಯ್ತು ಕಣ್ಲಾ. ಪಾತ್ರೆ ಅಂಗ್ಡಿಯೋನು ಏನಕ್ಕೆ ಅಂದ, ದೇವ್ರಿಗೆ ಅಂದ್ಬುಟ್ಟೆ. ಬಸ್ ಇಳಿಯೋ ಹೊತ್ಗೆ ಡಾಕ್ಟ್ರು ಹಾರ ಹಿಡ್ಕಂಡು ನಿಂತಿದ್ರು."

"ಡಾಕ್ಟ್ರಾ? ಅವ್ರಿಗ್ಯಾಕೆ ಅಷ್ಟ್ ಅವಸರ?"

ರುದ್ರಯ್ಯ ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಇವನ ಅಂಗೈಯಲ್ಲಿ ಇಟ್ಟರು. ಮೂಲೆಯಲ್ಲಿದ್ದ ಬೆಲ್ಲದ ಮೂಟೆ ತೋರಿಸಿದರು. ಬೇಲದ ಹಣ್ಣಿನ ಬುಟ್ಟಿ ತೋರಿಸಿದರು. ಹಣ್ಣು ಒಡೆಯುವ ಗುಂಡುಕಲ್ಲು ತೋರಿಸಿದರು.

"ಈ ಗುಡೀಲಿ ಒಂದ್ ವಾಡಿಕೆ ಐತೆ. ಪಾನಕದ ಪಾತ್ರೆ ಎಲ್ಲಾರ್ಗಿಂತ ಕಡೇಗೆ ಯಾರು ಕೊಟ್ರೋ ಅವ್ರೇ ಪ್ರತಿ ಸೋಮವಾರ ಪಾನಕ ಮಾಡ್ಬೇಕು. ಕೋಳಿ ಕೂಗೋ ಮುಂಚೆ ಎದ್ದು ಬೆಲ್ಲ ಕುಟ್ಟು, ಹಣ್ಣು ಹಿಸುಕು, ದುರ್ಗಕ್ಕೆ ಹೋಗೋರು ಬರೋರ್ಗೆಲ್ಲ ಕೊಡು, ಆಮ್ಯಾಕೆ ಪಾತ್ರೆ ತಿಕ್ಕು. ಇನ್ನೊಬ್ಬ ಯಾವಾನ ಹೊಸ ಪಾತ್ರೆ ತರೋಗಂಟ ಬಿಡುಗಡೆ ಇಲ್ಲ. ನನ್ ಮಗಳ ಮದ್ವೆಗೂ ಮುಂಚಿಂದ ಮಾಡ್ತಾ ಇವ್ನಿ. ಬೆನ್ನು ನೋಡು, ಬಿಲ್ಲಾಗೈತೆ. ನೀನು ಗೊಬ್ಬರದಂಗ್ಡೀಲಿ ಡ್ರಮ್ಮು ಮೂಸಿದ್ದು ಕೇಳ್ದಾಗ್ಲಿಂದ ಮಲ್ಲೇಶ್ವರಂಗೆ ತುಪ್ಪದ ದೀಪ ಹಚ್ಚುತಾ ಇದ್ದೆ ಕಣಪ್ಪ ನಿನ್ ಹೆಸರಲ್ಲಿ."

ಶಂಭುಲಿಂಗ ಬೆಲ್ಲದ ಮೂಟೆಯ ಮೇಲೆ ಕುಸಿದು ಕೂತ. ಹೊರಗೆ ಪಾನಕಕ್ಕೆ ಜನ ಲೋಟ ಬಡಿಯುತ್ತಿದ್ದರು.

"ಎದೆಗುಂದಬ್ಯಾಡ" ಎಂದು ರುದ್ರಯ್ಯ ಅವನ ಬೆನ್ನು ತಟ್ಟಿದರು. "ಆಸೆ ಅನ್ನೋದು ನಿಂಗೊಬ್ಬಂಗೇ ಕೊಟ್ಟಿಲ್ಲ ಶಿವ. ಇವತ್ತಲ್ಲ ನಾಳೆ ಇನ್ನೊಬ್ಬ ಬತ್ತಾನೆ."

ಆ ಮಾತಿನಲ್ಲಿ ಸತ್ಯವಿತ್ತು. ಒಂದು ವರ್ಷ, ಬಹಳವೆಂದರೆ ಎರಡು. ಮಾಗಡಿಯಲ್ಲಿ ಗಂಡಸರಿಗೇನು ಬರವೇ? ಶಂಭುಲಿಂಗ ಪಂಚೆ ಎತ್ತಿ ಕಟ್ಟಿ ಬೇಲದ ಹಣ್ಣಿಗೆ ಕಲ್ಲು ಎತ್ತಿದ. ಅಷ್ಟರಲ್ಲಿ ಕದ ತಳ್ಳಿಕೊಂಡು ಬಸವಲಿಂಗಮ್ಮ ಒಳಗೆ ಬಂದಳು. ಮುಖ ಹಬ್ಬದ ಅಂಗಳದಂತೆ ಹೊಳೆಯುತ್ತಿತ್ತು.

"ಏನ್ರೀ, ಸ್ವಾಮಿ ಮುಂದೆ ಹರಕೆ ಹೊತ್ಕಂಡ್ ಬಂದೆ. ನಿಮ್ಮ ಭಕ್ತಿ ನೋಡಿ ನನ್ ಮನಸು ತುಂಬಿಬಂತು. ಇನ್ಮ್ಯಾಕೆ ವರ್ಷಾವರ್ಷ ಶಿವರಾತ್ರಿಗೆ ನಮ್ಮ ಹೆಸರಲ್ಲಿ ಒಂದೊಂದು ಹೊಸ ಪಾನಕದ ಪಾತ್ರೆ. ನಾವು ಬದುಕಿರೋಗಂಟ!"

ಎತ್ತಿದ ಕಲ್ಲು ಎತ್ತಿದಲ್ಲೇ ನಿಂತಿತು. ಶಂಭುಲಿಂಗ ರುದ್ರಯ್ಯನವರ ಕಡೆ ನೋಡಿದ. ಅವರು ಆಗಲೇ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದರು.

"ಒಳ್ಳೇ ಹರಕೆ ಕಣವ್ವಾ! ಒಂದ್ ವರ್ಷನೂ ತಪ್ಪಿಸ್ಬ್ಯಾಡ, ಸ್ವಾಮಿ ಮುನಿಸ್ಕಂತಾನೆ!" ಎಂದು ಕೂಗಿ, ಹಗ್ಗ ಬಿಚ್ಚಿದ ಕರುವಿನಂತೆ ರಸ್ತೆಗೆ ಹಾರಿದರು. ಬಿಲ್ಲಾಗಿದ್ದ ಬೆನ್ನು ನೆಟ್ಟಗಿತ್ತು.